ಕಲ್ಲು ಹೇಳುವ ನೀರು ಯಾವ ನೀರು?

ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಕಡೆ ಗುಡ್ಡದ ಇಳಿಜಾರಿನಲ್ಲಿ, ಹೊಲದ ಬದುವಿನಲ್ಲಿ, ಯಾರೋ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಕೂತಿರುವ ದುಂಡು ಬಂಡೆಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹಿಂದೊಮ್ಮೆ ಇಲ್ಲಿ ಸಮುದ್ರವೋ ಮಹಾ ಹೊಳೆಯೋ ಇದ್ದಿರಬೇಕು, ಇಲ್ಲದಿದ್ದರೆ ಕಲ್ಲು ಇಷ್ಟು ನುಣ್ಣಗೆ ದುಂಡಗಾಗುವುದು ಹೇಗೆ ಎಂಬ ಮಾತು ಕೇಳಿಬರುವುದುಂಟು. ಪ್ರಶ್ನೆ ಒಳ್ಳೆಯದು, ಉತ್ತರ ತಪ್ಪು. ನೆಲದೊಳಗಿನ ಬಂಡೆ ಚೌಕಚೌಕವಾಗಿ ಬಿರುಕು ಬಿಟ್ಟಿರುತ್ತದೆ. ಬಿರುಕಿನಲ್ಲಿ ಮಳೆಯ ನೀರು ಇಳಿದಾಗ ಚೌಕದ ಮೂಲೆಗೆ ಮೂರು ಮಗ್ಗುಲಿನಿಂದ ಏಟು ಬೀಳುತ್ತದೆ, ಅಂಚಿಗೆ ಎರಡು ಮಗ್ಗುಲಿನಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕೊಳೆತು ಗರಸಾಗುತ್ತದೆ, ಒಳಗಿನ ಗಟ್ಟಿ ತಿರುಳು ದುಂಡಗೆ ಉಳಿಯುತ್ತದೆ. ಸುತ್ತಲ ಗರಸನ್ನು ಎಷ್ಟೋ ಮಳೆಗಾಲಗಳು ತೊಳೆದುಕೊಂಡು ಹೋದ ಮೇಲೆ ತಿರುಳು ಬಯಲಿಗೆ ಬರುತ್ತದೆ. ಆ ಬಂಡೆ ಉರುಳಿ ದುಂಡಗಾದದ್ದಲ್ಲ, ಹುಟ್ಟಿದ ಜಾಗದಲ್ಲೇ ಇದೆ. ಇದೇ ಕರ್ನಾಟಕದ ಚಿತ್ರದುರ್ಗ ಸೀಮೆಯ ತಾಳ್ಯದಲ್ಲಿ ಇನ್ನೊಂದು ಬಗೆಯ ದುಂಡುಕಲ್ಲುಗಳಿವೆ. ಅಲ್ಲಿ ಬೇರೆ ಬೇರೆ ಜಾತಿಯ ಕಲ್ಲಿನ ಗುಂಡುಗಳು ಒಂದೇ ಶಿಲೆಯೊಳಗೆ ಅಕ್ಕಪಕ್ಕ ಹುದುಗಿ ಕೂತಿವೆ. ಬೇರೆ ಬೇರೆ ತಾಯಿಕಲ್ಲಿನಿಂದ ಹೊರಟವು ಒಂದು ಕಡೆ ಸೇರಬೇಕಾದರೆ ಹೊತ್ತು ತಂದವರು ಯಾರಾದರೂ ಇರಲೇಬೇಕು. ಎರಡೂ ಕಡೆ ಕಣ್ಣಿಗೆ ಬೀಳುವ ಗುರುತು ಒಂದೇ, ದುಂಡುತನ. ಕಥೆ ಮಾತ್ರ ಬೇರೆ ಬೇರೆ.

ಈ ದಿನದ ಮಾತು ಇದರ ಸುತ್ತಲೇ ಇದೆ. ಜುರಾಸಿಕ್ ಎಂದು ಕರೆಯುವ ಕಾಲ, ಅಂದರೆ ಈಗಿನಿಂದ ಸುಮಾರು 20 ಕೋಟಿ ವರ್ಷಗಳ ಹಿಂದಿನಿಂದ 14.5 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿ, ಬಿಟ್ಟುಹೋದ ಮರಳುಗಲ್ಲು, ಸುಣ್ಣಕಲ್ಲು, ಜೇಡಿಶಿಲೆಗಳನ್ನು ನೋಡಿ ಭೂವಿಜ್ಞಾನಿಗಳು 'ಇದು ಹೊಳೆ', 'ಇದು ಕೆರೆ', 'ಇದು ಆಳವಿಲ್ಲದ ಸಮುದ್ರ' ಎಂದು ಹೇಳುತ್ತಾರೆ. ಹೇಗೆ ಹೇಳುತ್ತಾರೆ, ಆ ಮಾತನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು? ನನ್ನ ವಾದ ಇಷ್ಟು: ಯಾವ ಒಂದು ಗುರುತೂ ತಾನೊಂದೇ ನಿಂತು ಹಳೆಯ ಪರಿಸರವನ್ನು ಹೇಳಲಾರದು. ಗುರುತುಗಳಲ್ಲಿ ಕೆಲವು ಕಾಲಕ್ಕೆ ಮಾಸುವುದಿಲ್ಲ, ಕೆಲವು ಮಾಸುತ್ತವೆ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ವಿವೇಚನೆಯಲ್ಲೇ ಈ ಶಾಸ್ತ್ರದ ಜೀವ ಇದೆ. ಕುಂದಾಣದಲ್ಲಾಗಲಿ ಕರ್ನಾಟಕದ ಉಳಿದ ಭಾಗದಲ್ಲಾಗಲಿ ಹೇಳಿಕೊಳ್ಳುವಂಥ ಜುರಾಸಿಕ್ ಪದರಶಿಲೆ ಇಲ್ಲ. ಕುಂದಾಣದ ಕಾಲಡಿಯ ನೈಸ್ ಶಿಲೆ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹಳೆಯದು. ನಮಗೆ ಹತ್ತಿರದ ಜುರಾಸಿಕ್ ಶಿಲೆಗಳೆಂದರೆ ಪ್ರಾಣಹಿತಾ, ಗೋದಾವರಿ ನದಿಗಳ ಕಣಿವೆಯಲ್ಲಿ, ಮಹಾರಾಷ್ಟ್ರದ ಸಿರೊಂಚಾದಿಂದ ತೆಲಂಗಾಣದ ಹಳೆಯ ಆದಿಲಾಬಾದ್ ಜಿಲ್ಲೆಯವರೆಗೆ ಕಾಣುವ ಕೋಟಾ ಶಿಲೆಗಳು. ನಮ್ಮ ಮನೆಗಳ ನೆಲಕ್ಕೆ ಹಾಸುವ ಕೋಟಾ ಕಲ್ಲು ಇದಲ್ಲ, ಅದು ರಾಜಸ್ಥಾನದ್ದು ಮತ್ತು ಇದಕ್ಕಿಂತ ಎಷ್ಟೋ ಹಿಂದಿನದು. ಈ ಶಿಲೆಗಳಿಗೆ ಬಂದ ಕೋಟಾ ಎಂಬುದು ಪ್ರಾಣಹಿತೆಯ ದಡದ ಒಂದು ಹಳ್ಳಿಯ ಹೆಸರು.

ಶಿಲೆಯ ಪರಿಸರವನ್ನು ಓದುವುದರಲ್ಲಿ ಎಡವಟ್ಟಾಗುವುದು ಹೇಗೆ ಎನ್ನುವುದಕ್ಕೆ ಹಳೆಯ ಮೈಸೂರು ಸಂಸ್ಥಾನವೇ ದೊಡ್ಡ ಉದಾಹರಣೆ ಕೊಟ್ಟಿದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರ ಕಾಲದಲ್ಲಿ ಧಾರವಾಡ ಶಿಲೆಗಳೆಂದು ಕರೆಯುವ ಈ ನಾಡಿನ ಪುರಾತನ ಶಿಲೆಗಳು ಬಹುಪಾಲು ಅಗ್ನಿಶಿಲೆಗಳೆಂಬ ಅಭಿಪ್ರಾಯ ಬಲವಾಗಿತ್ತು. ಅವುಗಳೊಳಗಿನ ದುಂಡುಕಲ್ಲುಗಳು ಸಹ ನೀರು ತಂದವಲ್ಲ, ಭೂಮಿಯ ಒತ್ತಡದಲ್ಲಿ ಶಿಲೆ ನುರಿದು ಆದವು ಎಂದು ವಿವರಿಸುತ್ತಿದ್ದರು. ಆ ವಿವರಣೆ ಹುಚ್ಚುತನವೇನೂ ಆಗಿರಲಿಲ್ಲ. ಕೋಟ್ಯಂತರ ವರ್ಷ ನೆಲದಾಳದ ಶಾಖದಲ್ಲಿ, ಒತ್ತಡದಲ್ಲಿ ಬೆಂದ ಶಿಲೆಗಳಲ್ಲಿ ಖನಿಜಗಳು ಬದಲಾಗಿದ್ದವು; ಖನಿಜವನ್ನಷ್ಟೇ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಮುಂದೆ ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದವರ ಕೆಲಸದಿಂದ ಈ ಶಿಲೆಗಳಲ್ಲಿ ದೊಡ್ಡ ಪಾಲು ನೀರಿನಡಿ ನೆಲೆನಿಂತ ಮರಳು ಮತ್ತು ಕೆಸರು ಎಂಬುದು ಸ್ಥಿರವಾಯಿತು. ತೀರ್ಪನ್ನು ತಿರುಗಿಸಿದ್ದು ಮುಖ್ಯವಾಗಿ ಅಲೆಗುರುತು, ಓರೆಪದರಗಳಂಥ ಆಕಾರದ ಸಾಕ್ಷಿ. ಕಲ್ಲು ಬೆಂದು ಖನಿಜ ಬದಲಾದರೂ ಮರಳಿನ ಮೇಲೆ ನೀರು ಮೂಡಿಸಿದ ಏರಿಳಿತ ಅಳಿದಿರಲಿಲ್ಲ. ಹಾಗೆಂದು ಆಕಾರದ ಸಾಕ್ಷಿಯೂ ಎಲ್ಲವನ್ನೂ ಹೇಳಿಬಿಡುವುದಿಲ್ಲ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುವ ಲಾವಾ ಇದೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಆ ರೂಪ ಬರುತ್ತದೆ. ಆದ್ದರಿಂದ ಅಲ್ಲಿ ನೀರಿತ್ತು ಎನ್ನುವುದು ಖಂಡಿತ. ಆ ನೀರು ಎಷ್ಟು ಆಳ, ಸಿಹಿಯೋ ಉಪ್ಪೋ ಎಂಬುದನ್ನು ದಿಂಬಿನ ಆಕಾರ ಹೇಳುವುದಿಲ್ಲ.

ಆಕಾರದ ಸಾಕ್ಷಿಗೆ ಇಷ್ಟು ಬೆಲೆ ಏಕೆಂದು ತಿಳಿಯಲು ಕುಂದಾಣದ ಸೀಮೆಯ ಯಾವುದಾದರೂ ಕೆರೆಯ ಅಂಗಳಕ್ಕೆ ಬೇಸಿಗೆಯಲ್ಲಿ, ಹೂಳೆತ್ತುವ ಹೊತ್ತಿನಲ್ಲಿ ಹೋದರೆ ಸಾಕು. ಕಾಲುವೆ ಬಂದು ಕೆರೆಗೆ ಬೀಳುವ ಬಾಯಲ್ಲಿ ದಪ್ಪ ಮರಳು, ಸಣ್ಣ ಹರಳು, ಗರಸು ಬೀಸಣಿಗೆಯಂತೆ ಹರಡಿರುತ್ತವೆ. ನಡುವಿಗೆ ಬಂದರೆ ನಯವಾದ ಮರಳು. ಏರಿಯ ಹತ್ತಿರ, ತೂಬಿನ ಸುತ್ತ, ಕಾಲಿಟ್ಟರೆ ಹುಗಿಯುವ ಕಪ್ಪು ಜೇಡಿ. ಇದು ಯಾರೂ ಜರಡಿ ಹಿಡಿದು ವಿಂಗಡಿಸಿದ್ದಲ್ಲ. ಹರಿಯುವ ನೀರಿನ ವೇಗ ಕೆರೆಯ ಬಾಯಲ್ಲಿ ಥಟ್ಟನೆ ತಗ್ಗುತ್ತದೆ, ಭಾರವಾದದ್ದು ಅಲ್ಲೇ ಕೂರುತ್ತದೆ, ಹಗುರವಾದದ್ದು ಮುಂದಕ್ಕೆ ತೇಲುತ್ತದೆ. ಮಿಲಿಮೀಟರಿನ ಹತ್ತನೇ ಒಂದರಷ್ಟು ಅಡ್ಡಳತೆಯ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಐವತ್ತನೇ ಒಂದರಷ್ಟು ಸಣ್ಣದಾದ ಜೇಡಿಯ ಕಣಕ್ಕೆ ಅದೇ ಒಂದು ಮೀಟರಿಗೆ ಸುಮಾರು ಮೂರು ದಿನ ಬೇಕು. ನಯವಾದ ಜೇಡಿಯ ತೆಳುಪದರ ಎಲ್ಲಿ ಸಿಕ್ಕಿತೋ ಅಲ್ಲಿ ನೀರು ದಿನಗಟ್ಟಲೆ ಅಲುಗಾಡದೆ ನಿಂತಿತ್ತು ಎಂದು ಸಾಮಾನ್ಯವಾಗಿ ಅರ್ಥ. ಸಾಮಾನ್ಯವಾಗಿ ಎಂದೆ, ಏಕೆಂದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾದರೆ ಬೇಗ ಇಳಿಯುತ್ತವೆ, ಉಪ್ಪುನೀರಿನಲ್ಲಿ ಹಾಗೆ ಆಗುವುದು ಹೆಚ್ಚು. ನೀರು ಬತ್ತಿದ ಮೇಲೆ ಏರಿಯ ಹತ್ತಿರದ ಕೆಸರು ಒಣಗಿ ಬಹುಕೋನದ ಬಿರುಕು ಬಿಡುತ್ತದೆ, ಮುಂದಿನ ಮಳೆಗೆ ಬಿರುಕಿನೊಳಗೆ ಮರಳು ತುಂಬಿಕೊಳ್ಳುತ್ತದೆ. ಅದು ಕಲ್ಲಾದರೆ ಕೋಟಿ ವರ್ಷಗಳ ಮೇಲೂ 'ಇಲ್ಲಿ ನೀರು ಬತ್ತಿತ್ತು' ಎಂಬ ಮಾತು ಉಳಿಯುತ್ತದೆ. ಹರಿವಿನ ನೀರು ಮೂಡಿಸುವ ಅಲೆಗುರುತು ಒಂದು ಮಗ್ಗುಲು ನಿಡಿದು, ಇನ್ನೊಂದು ಕಡಿದು. ತೀರದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುವ ಅಲೆ ಮೂಡಿಸಿದ ಗುರುತಿಗೆ ಎರಡೂ ಮಗ್ಗುಲು ಸಮ. ಭೂಮಿಯ ಸೆಳೆತ, ನೀರಿನ ಜಿಗುಟು, ಮರಳಿನ ತೂಕ ಈ ಮೂರೂ ಜುರಾಸಿಕ್ ಕಾಲದಲ್ಲಿ ಇಂದಿನಂತೆಯೇ ಇದ್ದವು. ಅದಕ್ಕಾಗಿಯೇ ಈ ಜಾತಿಯ ಗುರುತು ಮಾಸುವುದಿಲ್ಲ ಎಂದೆ.

ಕೆರೆಯ ಹೂಳು ತೆಗೆದ ಗುಂಡಿಯ ಗೋಡೆ ಇನ್ನೊಂದು ಪಾಠ ಕಲಿಸುತ್ತದೆ. ಕಾಲುವೆ ಬಾಯಿಯ ಮರಳಿನ ಬೀಸಣಿಗೆ ವರ್ಷದಿಂದ ವರ್ಷಕ್ಕೆ ಏರಿಯ ಕಡೆ ಮುಂದುವರಿಯುತ್ತದೆ. ನಿನ್ನೆ ಜೇಡಿ ಕೂತಿದ್ದ ಜಾಗದ ಮೇಲೆ ಇಂದು ಮರಳು ಬೀಳುತ್ತದೆ. ಗುಂಡಿಯ ಗೋಡೆಯಲ್ಲಿ ಕೆಳಗೆ ಜೇಡಿ, ಮೇಲೆ ಮರಳು ಕಂಡರೆ, ಒಂದು ಕಾಲದಲ್ಲಿ ಅಕ್ಕಪಕ್ಕ ಇದ್ದ ಎರಡು ಜಾಗಗಳು ಈಗ ಒಂದರ ಮೇಲೊಂದು ಬಂದಿವೆ ಎಂದು ಹೇಳಬಹುದು. ಜರ್ಮನಿಯ ಯೊಹಾನೆಸ್ ವಾಲ್ಟರ್ 1894ರಲ್ಲಿ ಇದನ್ನು ನಿಯಮವಾಗಿ ಹೇಳಿದರು: ನಡುವೆ ಕಾಲದ ಖಾಲಿ ಬಿದ್ದಿಲ್ಲದಿದ್ದರೆ, ಒಂದರ ಮೇಲೊಂದು ಬರುವ ಪದರಗಳು ಒಂದರ ಪಕ್ಕ ಒಂದು ಇದ್ದ ಪರಿಸರಗಳೇ ಆಗಿರಬೇಕು. ಇದರ ಬಲ ಎಷ್ಟೆಂದರೆ, ಒಂಟಿ ಪದರ ನೋಡಿ ತೀರ್ಮಾನಿಸಲಾಗದ್ದನ್ನು ಅದರ ಮೇಲು ಕೆಳಗಿನ ಪದರಗಳ ಸರದಿ ತೀರ್ಮಾನಿಸುತ್ತದೆ. ಒಂದು ಮರಳುಗಲ್ಲಿನ ತುಂಡನ್ನು ಮೇಜಿನ ಮೇಲಿಟ್ಟು 'ಇದು ಹೊಳೆಯದೋ ಕಡಲ ದಂಡೆಯದೋ' ಎಂದು ಕೇಳಿದರೆ ಅನುಭವಿಯೂ ತಡವರಿಸುತ್ತಾನೆ. ಅದು ಕೆಂಪು ಜೇಡಿ, ಬೇರಿನ ಗುರುತುಗಳ ನಡುವೆ ಇತ್ತೋ, ಚಿಪ್ಪಿನ ಸುಣ್ಣಕಲ್ಲುಗಳ ನಡುವೆ ಇತ್ತೋ ಎಂದು ಹೇಳಿದರೆ ತಡವರಿಕೆ ಬಹುಮಟ್ಟಿಗೆ ಹೋಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಇಂದಿನ ಕೆರೆ, ಇಂದಿನ ಹೊಳೆಯನ್ನು ಅಳತೆಗೋಲು ಮಾಡಿಕೊಂಡು ಅಂದಿನದನ್ನು ಅಳೆಯುವುದು ಸರಿಯೇ? ಅಂದಿನ ಲೋಕ ಬೇರೆಯೇ ಆಗಿದ್ದರೆ? ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಬದಾಮಿಯ ಬಂಡೆಗಳೇ ತೋರಿಸುತ್ತವೆ. ಮೇಣಬಸದಿಗಳನ್ನು ಕೊರೆದಿರುವ ಆ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಓರೆಪದರಗಳು ಬರಿಗಣ್ಣಿಗೇ ಕಾಣುತ್ತವೆ. ಸಾಗುವ ಮರಳದಿಬ್ಬದ ಇಳಿಮಗ್ಗುಲಲ್ಲಿ ಮರಳು ಜಾರಿ ಕೂತದ್ದೇ ಓರೆಪದರ, ಅದು ಇಳಿಯುವ ದಿಕ್ಕೇ ಪ್ರವಾಹದ ದಿಕ್ಕು. ಇಷ್ಟನ್ನು ಇಂದಿನ ಹೊಳೆಯ ಮರಳಿನಿಂದ ಕಲಿತು ಅಲ್ಲಿಗೆ ಒಯ್ಯಬಹುದು. ಆದರೆ ಆ ಬಂಡೆಗಳು ಜುರಾಸಿಕ್‌ಗಿಂತ ಎಷ್ಟೋ ಹಿಂದಿನವು, ನೆಲದ ಮೇಲೆ ಗಿಡಮರವೇ ಇಲ್ಲದ ಕಾಲದವು. ದಡವನ್ನು ಹಿಡಿದಿಡುವ ಬೇರಿಲ್ಲದಾಗ ಹೊಳೆ ಒಂದೇ ಪಾತ್ರದಲ್ಲಿ ಬಳುಕಿ ಹರಿಯುವುದು ಕಷ್ಟ. ನೂರು ಕವಲಾಗಿ ಅಗಲಕ್ಕೆ ಹರಡಿ, ಜೇಡಿಯನ್ನು ದೂರಕ್ಕೆ ಒಯ್ದು, ಮರಳನ್ನು ಹಾಳೆಯಂತೆ ಹಾಸುವ ಸಾಧ್ಯತೆ ಹೆಚ್ಚು. ಜುರಾಸಿಕ್ ನಡುವಿನ ಸ್ಥಿತಿ. ಆಗ ಶಂಕುಧಾರಿ ಮರ, ಸೈಕಾಡ್, ಜರೀಗಿಡಗಳಿದ್ದವು, ದಡ ಹಿಡಿಯುವ ಬೇರಿತ್ತು. ಹುಲ್ಲು ಇರಲಿಲ್ಲ. ಹಾಗಾಗಿ ಇಂದಿನ ಹುಲ್ಲುಗಾವಲಿನ ಹೊಳೆಯನ್ನು ಇದ್ದ ಹಾಗೆ ಜುರಾಸಿಕ್‌ಗೆ ಹೊತ್ತೊಯ್ಯುವವರು ತಪ್ಪು ಮಾಡುತ್ತಾರೆ. ಒಂದು ಕಣ ಹೇಗೆ ಬೀಳುತ್ತದೆ ಎಂಬುದು ಬದಲಾಗಿಲ್ಲ, ಇಡೀ ಹೊಳೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಬದಲಾಗಿದೆ. ಈ ಎರಡನ್ನು ಬೇರೆಮಾಡಿ ನೋಡಿದರೆ ಆಕ್ಷೇಪದ ಮೊನೆ ಮೊಂಡಾಗುತ್ತದೆ.

ಜೀವಿಗಳ ವಿಷಯಕ್ಕೆ ಬಂದಾಗಲಂತೂ ಇಂದಿನ ಅಳತೆಗೋಲು ಇನ್ನೂ ಬೇಗ ಕೈಕೊಡುತ್ತದೆ. ಕೋಟಾ ಶಿಲೆಗಳ ಕೆಳಭಾಗದಲ್ಲಿ ಹರಳುಗಲ್ಲು ಬೆರೆತ, ಓರೆಪದರಗಳುಳ್ಳ ಮರಳುಗಲ್ಲು. ಅದರ ಮೇಲೆ ಜೇಡಿಶಿಲೆಯ ಜೊತೆ ತೆಳ್ಳನೆಯ ಸುಣ್ಣಕಲ್ಲಿನ ಪದರಗಳು. ಮತ್ತೆ ಮೇಲೆ ಮರಳುಗಲ್ಲು, ಜೇಡಿಶಿಲೆ. ಆ ಸುಣ್ಣಕಲ್ಲಿನಲ್ಲಿ ಹೊಳೆಯುವ ದಪ್ಪ ಹುರುಪೆಯ ಮೀನುಗಳು 19ನೇ ಶತಮಾನದ ನಡುವಿನಲ್ಲೇ ಸಿಕ್ಕಿದ್ದವು. ಆಗಿನಿಂದ ಒಂದು ಪ್ರಶ್ನೆ ಎದ್ದಿದೆ: ಇದು ಸಿಹಿನೀರಿನ ಸರೋವರವೋ, ಒಳನಾಡಿಗೆ ಚಾಚಿಬಂದ ಕಡಲ ತೋಳೋ? ಈ ಮೀನುಗಳ ಬಂಧುಗಳು ಬೇರೆ ದೇಶಗಳ ಸಮುದ್ರದ ಶಿಲೆಗಳಲ್ಲೂ ಸಿಗುತ್ತವೆ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಇಲ್ಲಿ ಸೀಲಕಾಂತ್ ಜಾತಿಯ ಮೀನೂ ಇದೆ, ಅದಕ್ಕೆ ಇಂಡೋಸೀಲಕಾಂತಸ್ ಎಂದು ಹೆಸರಿಟ್ಟಿದ್ದಾರೆ. ಸೀಲಕಾಂತ್ ಎಂದೋ ಅಳಿದುಹೋಯಿತು ಎಂದುಕೊಂಡಿದ್ದಾಗ 1938ರಲ್ಲಿ ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಜೀವಂತ ಜಾತಿಯ ಮೀನೊಂದು ಬಲೆಗೆ ಬಿತ್ತು. ಇಂದು ಉಳಿದಿರುವ ಸೀಲಕಾಂತ್‌ಗಳು ಕಡಲಿನಲ್ಲಿ, ನೂರಾರು ಅಡಿ ಆಳದ ಕತ್ತಲಲ್ಲಿ ಬಾಳುತ್ತವೆ. ಇಂದಿನದೇ ಕೀಲಿಕೈ ಎಂದು ಹಟ ಹಿಡಿದರೆ ಗೋದಾವರಿ ಕಣಿವೆಯ ಆ ತೆಳು ಸುಣ್ಣಕಲ್ಲನ್ನು ಆಳವಾದ ಸಮುದ್ರ ಎನ್ನಬೇಕಾಗುತ್ತದೆ! ಆದರೆ ಆ ಹಳೆಯ ಕಾಲದಲ್ಲಿ ಸೀಲಕಾಂತ್ ವಂಶದ ಹಲವು ಮೀನುಗಳು ಸಿಹಿನೀರಿನಲ್ಲೂ ಇದ್ದವು. ವಂಶ ಉಳಿಯಿತು, ವಾಸ ಬದಲಾಯಿತು.

ಹಾಗಾದರೆ ಸರೋವರ ಎಂದು ಹೇಳಲು ಆಧಾರ ಯಾವುದು? ಒಂದು, ಅದೇ ಶಿಲೆಗಳಲ್ಲಿ ಸಿಗುವ ಕೇರೋಫೈಟ್ ಎಂಬ ಪಾಚಿಗಿಡಗಳ ಪುಟ್ಟ ಸುಣ್ಣದ ಬೀಜಕೋಶಗಳು ಮತ್ತು ಎರಡು ಚಿಪ್ಪಿನೊಳಗೆ ಮೈ ಅಡಗಿಸಿಕೊಳ್ಳುವ ಸಿಗಡಿಯಂಥ ಸಣ್ಣ ಜೀವಿಗಳು. ಈ ಎರಡನೆಯವು ಇಂದಿಗೂ ಮಳೆಯ ಹೊಂಡಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹೊಂಡ ಬತ್ತಿದರೂ ಇವುಗಳ ಮೊಟ್ಟೆ ಒಣಮಣ್ಣಿನಲ್ಲಿ ಬದುಕಿ ಮುಂದಿನ ಮಳೆಗೆ ಒಡೆಯುತ್ತದೆ. ಮೀನಿನ ವಿಷಯದಲ್ಲಿ ಸಲ್ಲದ ಹೋಲಿಕೆ ಇವುಗಳ ವಿಷಯದಲ್ಲಿ ಮಾತ್ರ ಸಲ್ಲುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಜಾತಿಯ ವಾಸ ಬದಲಾಗಬಹುದು. ಸಂಬಂಧವಿಲ್ಲದ ಎರಡು ಮೂರು ವಂಶಗಳು ಒಟ್ಟಿಗೆ, ಒಂದೇ ದಿಕ್ಕಿಗೆ ವಾಸ ಬದಲಿಸಿದವು ಎನ್ನುವುದು ಕಷ್ಟ. ಎರಡು, ಸರದಿ. ಸುಣ್ಣಕಲ್ಲಿನ ಕೆಳಗೂ ಮೇಲೂ ಇರುವುದು ಹೊಳೆಯ ಮರಳು ಮತ್ತು ಪ್ರವಾಹ ಬಯಲಿನ ಜೇಡಿ. ವಾಲ್ಟರ್ ಹೇಳಿದಂತೆ ಹೊಳೆಯ ನೆರೆಯಲ್ಲಿ ಇರಬಹುದಾದ ನೀರು ಎಂದರೆ ಮೊದಲು ಬಯಲಿನ ಸರೋವರ. ಮೂರು, ಇಲ್ಲದಿರುವುದು. ಅದೇ ಕಾಲದ ಕಡಲ ಶಿಲೆಗಳಲ್ಲಿ ಮಾಮೂಲಾಗಿ ಸಿಗುವ ಸುರುಳಿ ಚಿಪ್ಪಿನ ಕಡಲಜೀವಿ ಅಮೊನೈಟ್, ಹವಳ, ಕಡಲ ಮುಳ್ಳುಚೆಂಡು ಒಂದೂವರೆ ಶತಮಾನದ ಹುಡುಕಾಟದಲ್ಲಿ ಕೋಟಾ ಶಿಲೆಗಳಿಂದ ಹೊರಬಂದಿಲ್ಲ. 'ಮೊದಲೇ ಸರೋವರ ಎಂದುಕೊಂಡು ಸರೋವರವನ್ನೇ ಕಾಣುತ್ತೀರಿ' ಎಂಬ ಟೀಕೆಗೆ ಉತ್ತರವೂ ಇಲ್ಲೇ ಇದೆ. ಸರೋವರ ಎಂದ ಕೂಡಲೇ ಯಾವುದು ಸಿಗಬಾರದು ಎಂದೂ ಹೇಳಿದಂತಾಯಿತು. ಪದರದ ನಡುವಿನಿಂದ ಒಂದು ನಿಜವಾದ ಅಮೊನೈಟ್ ಹೊರಬಿದ್ದರೆ ವಾದ ಅಲ್ಲಾಡುತ್ತದೆ. ಅಲ್ಲಾಡಿಸಬಹುದಾದ ವಾದವಾದ್ದರಿಂದಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಕೋಟಾ ಶಿಲೆಗಳ ಹೊಳೆ ಎಂಥದ್ದು ಎನ್ನುವುದಕ್ಕೆ ಎಲುಬುಗಳ ಸಾಕ್ಷಿಯೂ ಇದೆ. ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು 1960ರ ಆಸುಪಾಸಿನಲ್ಲಿ ಇಲ್ಲಿ ಅಗೆದು ತೆಗೆದ ಬರಾಪಾಸಾರಸ್ ಎಂಬ ದೈತ್ಯ ಡೈನೊಸಾರ್‌ಗೆ 1975ರಲ್ಲಿ, ರವೀಂದ್ರನಾಥ ಟಾಗೋರರ ಹೆಸರನ್ನೂ ಸೇರಿಸಿ, ನಾಮಕರಣವಾಯಿತು. ಸುಮಾರು 300 ಮೂಳೆಗಳು, ಕನಿಷ್ಠ ಆರು ಪ್ರಾಣಿಗಳವು, ಒಂದೇ ಕಡೆ, ಕಲ್ಲಾದ ಮರದ ದಿಮ್ಮಿಗಳ ನಡುವೆ ಸಿಕ್ಕಿದವು. ಗಮನಿಸಬೇಕಾದ್ದು ಸಿಕ್ಕಿದ್ದಕ್ಕಿಂತ ಸಿಗದಿದ್ದುದನ್ನು: ತಲೆಬುರುಡೆ ಒಂದೂ ಇಲ್ಲ, ಬಿಡಿ ಹಲ್ಲುಗಳು ಮಾತ್ರ. ಈ ಜಾತಿಯ ಪ್ರಾಣಿಗಳ ತಲೆ ಸಣ್ಣದು, ಎಲುಬು ತೆಳ್ಳಗಿನದು. ಪ್ರವಾಹ ಹಗುರವಾದದ್ದನ್ನು ಕೊಚ್ಚಿಕೊಂಡು ಹೋಗಿ ತೊಡೆಮೂಳೆ, ಬೆನ್ನೆಲುಬಿನಂಥ ಭಾರದ್ದನ್ನು ದಿಮ್ಮಿಗಳ ಜೊತೆ ಬಿಟ್ಟಿತು ಎಂದರೆ ಇದೆಲ್ಲ ಒಂದಕ್ಕೊಂದು ಹೊಂದುತ್ತದೆ. ಕೆರೆಯ ಬಾಯಲ್ಲಿ ಹರಳನ್ನೂ ಜೇಡಿಯನ್ನೂ ಬೇರ್ಪಡಿಸಿದ ನಿಯಮವೇ ಇಲ್ಲಿ ಮೂಳೆಗಳನ್ನು ಬೇರ್ಪಡಿಸಿದೆ. ಎಲುಬು ಜೀವದ ಗುರುತು ನಿಜ. ಇಲ್ಲಿ ಅದನ್ನು ಓದಿದ್ದು ಮರಳಿನ ಕಣವನ್ನು ಓದುವ ಹಾಗೆ. ಅದೇ ಶಿಲೆಗಳಲ್ಲಿ, ಯಾಮನಪಲ್ಲಿ ಎಂಬಲ್ಲಿ ಸಿಕ್ಕಿದ ಕೋಟಾಸಾರಸ್‌ನ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ನೋಡಬಹುದು.

ಕಡಲಿನ ಜುರಾಸಿಕ್ ನೋಡಬೇಕೆಂದರೆ ಗುಜರಾತಿನ ಕಚ್ಛ್‌ಗೆ ಹೋಗಬೇಕು. ಆಫ್ರಿಕ ನಮ್ಮ ಭೂಭಾಗದಿಂದ ಬೇರೆಯಾಗತೊಡಗಿದಾಗ ಆ ಬಿರುಕಿನಲ್ಲಿ ಕಡಲು ಒಳಗೆ ಬಂತು. ಕ್ಯಾಪ್ಟನ್ ಗ್ರ್ಯಾಂಟ್ 1830ರ ದಶಕದಲ್ಲಿ ಅಲ್ಲಿಂದ ಪಳೆಯುಳಿಕೆ ಸಂಗ್ರಹಿಸಿದರು, ವಾಗೆನ್ 1870ರ ದಶಕದಲ್ಲಿ ಅಮೊನೈಟ್‌ಗಳನ್ನು ವರ್ಣಿಸಿದರು, ಎಸ್. ಕೆ. ಬಿಸ್ವಾಸ್ 1970ರ ದಶಕದಲ್ಲಿ ಶಿಲೆಗಳ ಸರದಿಯನ್ನು ಹೊಸದಾಗಿ ಕಟ್ಟಿಕೊಟ್ಟರು. ಸುರುಳಿ ಚಿಪ್ಪಿನ ಅಮೊನೈಟ್ ಕಂಡೊಡನೆ ಕಡಲು ಎನ್ನುವುದು ಸರಿ; ಇಲ್ಲೇ ವಾಸವಿತ್ತು, ಇಷ್ಟೇ ಆಳವಿತ್ತು ಎನ್ನುವುದು ಮಾತ್ರ ಅವಸರ. ಅದರ ದೂರದ ಬಂಧು ನಾಟಿಲಸ್ ಸತ್ತ ಮೇಲೆ ಗಾಳಿ ತುಂಬಿದ ಅದರ ಚಿಪ್ಪು ತೇಲಿ ದೂರ ದೂರದ ದಡ ಸೇರುವುದನ್ನು ಇಂದೂ ಕಾಣುತ್ತೇವೆ. ಅಮೊನೈಟ್ ಕಾಲವನ್ನು ಚೆನ್ನಾಗಿ ಹೇಳುತ್ತದೆ, ಜಾಗವನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಜಾಗ ಹೇಳುವುದರಲ್ಲಿ ಕೆಸರಿನೊಳಗೆ ಸಿಗಡಿ, ಹುಳುಗಳು ತೋಡಿದ ಬಿಲಗಳೇ ಮೇಲು. ಬಿಲ ತೇಲಿ ಬರುವುದಿಲ್ಲ, ಉರುಳಿ ಬರುವುದಿಲ್ಲ, ತೋಡಿದಲ್ಲೇ ಇರುತ್ತದೆ. ಕಚ್ಛ್‌ನ ಶಿಲೆಗಳಲ್ಲಿ ಅಂಥ ಬಿಲಗಳು ಹೇರಳ. ಚಿಪ್ಪಿನ ಅಂದಕ್ಕೆ ಮರುಳಾಗುವ ನಾವು ಈ ಬಿಲಗಳಿಗೆ ಸಲ್ಲಬೇಕಾದ ಗಮನ ಕೊಡುವುದಿಲ್ಲವೆಂದೇ ನನ್ನ ಎಣಿಕೆ.

ಕಚ್ಛ್ ಇನ್ನೊಂದು ಆಕ್ಷೇಪಕ್ಕೂ ಉತ್ತರ ಕೊಡುತ್ತದೆ. ಶಿಲೆಯಲ್ಲಿ ಉಳಿಯುವುದು ಒಂದು ಪ್ರವಾಹ, ಒಂದು ಬಿರುಗಾಳಿಯಂಥ ಅಪರೂಪದ ಗಳಿಗೆಗಳು. ನಡುವಿನ ಸಾವಿರಾರು ವರ್ಷ ಏನೂ ಬಿಟ್ಟುಹೋಗುವುದಿಲ್ಲ. ಹಾಗಿರುವಾಗ ಗಳಿಗೆಗಳನ್ನು ಕೂಡಿಸಿ ಪರಿಸರ ಕಟ್ಟುವುದು ಹೇಗೆ ಎಂಬುದು ಆ ಆಕ್ಷೇಪ. ಅಲ್ಲಿ ಧೋಸಾ ಊಲೈಟ್ ಎಂಬ ಪದರಗಳಿವೆ. ಮೀನಿನ ಮೊಟ್ಟೆಯಂಥ ಸಣ್ಣ ಗುಂಡುಗಳು, ಕಬ್ಬಿಣದ ಲೇಪ ಹೊತ್ತವು, ಒತ್ತಾಗಿ ತುಂಬಿರುವ ಶಿಲೆ. ಅದರ ನೆತ್ತಿಯ ತೆಳುಪದರದಲ್ಲಿ ಬೇರೆ ಬೇರೆ ಕಾಲಕ್ಕೆ ಸೇರಿದ ಅಮೊನೈಟ್‌ಗಳು ಒಟ್ಟಿಗೆ ಬೆರೆತಿವೆ, ಗಟ್ಟಿಯಾದ ಮೇಲೆ ಕಿತ್ತು ಮತ್ತೆ ಹೂತ ಉಂಡೆಗಳಿವೆ, ಕಬ್ಬಿಣದ ಹಕ್ಕಳೆಗಳಿವೆ. ಬಹಳ ಕಾಲ ಅಲ್ಲಿಗೆ ಹೊಸ ಮರಳು ಕೆಸರು ಬರಲೇ ಇಲ್ಲ, ಕಡಲತಳ ಬಯಲಾಗಿ ಬಿದ್ದಿತ್ತು, ಇದ್ದದ್ದನ್ನೇ ನೀರು ಮತ್ತೆ ಮತ್ತೆ ಕೆದಕಿತು ಎಂದು ಇದರಿಂದ ತಿಳಿಯುತ್ತದೆ. ಏನೂ ಸಂಚಯವಾಗದ ಕಾಲವೂ ತನ್ನ ಗುರುತು ಬಿಡುತ್ತದೆ ಎಂದಾಯಿತು. ಆ ಪದರದಲ್ಲಿ ಮಾತ್ರ ವಾಲ್ಟರನ ನಿಯಮ ನಡೆಯದು, ಕಾಲದ ಖಾಲಿ ನಡುವೆ ಬಿದ್ದಿದೆ. ಅದರ ಮೇಲಿನ ಶಿಲೆಗಳಲ್ಲಿ ಮರಳು ಹೆಚ್ಚುತ್ತ ಬಂದು, ನದೀಮುಖದ ಲಕ್ಷಣ ಮೂಡಿ, ಕೊನೆಗೆ ಭುಜ್ ಮರಳುಗಲ್ಲಿನ ಹೊತ್ತಿಗೆ ಹೊಳೆ ಗೆದ್ದು ಕಡಲು ಹಿಂದೆ ಸರಿಯಿತು. 2017ರಲ್ಲಿ ಅಲ್ಲಿನ ಲೋಡಾಯಿ ಬಳಿಯ ಜುರಾಸಿಕ್ ಶಿಲೆಯಿಂದ ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ಬಹುಪಾಲು ಪೂರ್ತಿಯಾದ ಅಸ್ಥಿಪಂಜರ ವರದಿಯಾದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಲ್ಲಿ ಕಡಲಿತ್ತೆಂಬುದು ಅದಕ್ಕೂ ನೂರೈವತ್ತು ವರ್ಷ ಮೊದಲೇ ಚಿಪ್ಪುಗಳಿಂದ ಸ್ಥಿರವಾಗಿತ್ತು.

ಈಗ ಕುಂದಾಣಕ್ಕೆ ಬರೋಣ. ಹೊಳೆ, ಸರೋವರ ಕೋಟಾದಲ್ಲಿ; ಕಡಲು ಕಚ್ಛ್‌ನಲ್ಲಿ; ಹಾಗಾದರೆ ಆಗ ಇಲ್ಲಿ ಏನಿತ್ತು? ಪದರವೇ ಇಲ್ಲದ ಕಡೆ ಪದರದ ಶಾಸ್ತ್ರ ಕೈಚೆಲ್ಲಬೇಕೇ? ಮರಳು ಎಲ್ಲೋ ಕೂತಿದೆ ಎಂದರೆ ಎಲ್ಲಿಂದಲೋ ಹೊರಟಿರಬೇಕು. ಸವೆಯುವ ನೆಲ ತನ್ನ ಕಥೆಯನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಕೆಳಗಿನ ಕಣಿವೆಗಳಿಗೆ ಕಳಿಸುತ್ತದೆ. ಗೋದಾವರಿ ಕಣಿವೆ ಕೂತಿರುವುದೇ ನಮ್ಮ ಧಾರವಾಡ ಶಿಲಾಖಂಡಕ್ಕೂ ಬಸ್ತರ್ ಶಿಲಾಖಂಡಕ್ಕೂ ನಡುವಿನ ಸೀಳಿನಲ್ಲಿ. ನೈಸ್, ಗ್ರಾನೈಟ್‌ಗಳಲ್ಲಿರುವ ಜಿರ್ಕಾನ್ ಎಂಬ ಸಣ್ಣ ಹರಳು ಸುಲಭಕ್ಕೆ ಸವೆಯುವುದಿಲ್ಲ; ಅದರೊಳಗಿನ ಯುರೇನಿಯಂ ಸೀಸವಾಗುವ ಲೆಕ್ಕದಿಂದ ಅದರ ವಯಸ್ಸು ಅಳೆಯಬಹುದು. ಮರಳುಗಲ್ಲಿನಿಂದ ನೂರಾರು ಜಿರ್ಕಾನ್ ಹೆಕ್ಕಿ ವಯಸ್ಸು ಅಳೆದು, ಯಾವ ಸೀಮೆಯ ತಾಯಿಕಲ್ಲಿಗೆ ಹೊಂದುತ್ತದೆ ಎಂದು ತಾಳೆ ನೋಡುವುದು ಈಗ ರೂಢಿಯ ವಿಧಾನ. ಇನ್ನೊಂದು ವಿಧಾನ ಅಪಟೈಟ್ ಹರಳಿನೊಳಗಿನ ಅತಿಸಣ್ಣ ಗೀರುಗಳನ್ನು ಎಣಿಸುವುದು. ಶಿಲೆ ಆಳದಲ್ಲಿ ಬಿಸಿಯಾಗಿರುವಷ್ಟು ಕಾಲ ಗೀರು ಅಳಿಸಿಹೋಗುತ್ತದೆ. ಮೇಲಿನ ನೆಲ ಸವೆದು ಶಿಲೆ ಮೇಲಕ್ಕೆ ಬಂದು ತಣ್ಣಗಾದ ಮೇಲೆ ಉಳಿಯುತ್ತದೆ. ಈ ವಿಧಾನದಿಂದ ನಡೆದ ಅಧ್ಯಯನಗಳು ಪಶ್ಚಿಮ ಘಟ್ಟ ಮತ್ತು ಮೈಸೂರು ಪ್ರಸ್ಥಭೂಮಿಯ ಕಡೆ ಡೈನೊಸಾರ್‌ಗಳ ಯುಗದಿಂದಲೂ ನೆಲ ಗಣನೀಯವಾಗಿ ಸವೆಯುತ್ತ ಬಂದಿದೆ ಎಂದು ತೋರಿಸಿವೆ.

'ಸವೆದದ್ದು ಜುರಾಸಿಕ್ ಕಡಲ ಪದರವೇ ಏಕಾಗಿರಬಾರದು? ಕಡಲು ಬಂದು, ಪದರ ಹಾಸಿ, ಆಮೇಲೆ ಅದೆಲ್ಲ ಕೊಚ್ಚಿಹೋಗಿರಬಹುದಲ್ಲ?' ಎಂದು ಯಾರಾದರೂ ಕೇಳಿದರೆ, ಗೀರುಗಳೊಂದೇ ಆ ಪ್ರಶ್ನೆಯನ್ನು ಮುಗಿಸಲಾರವು. ಸವೆದದ್ದು ಎಷ್ಟು ಎಂದು ಅವು ಹೇಳುತ್ತವೆ, ಸವೆದದ್ದು ಯಾವ ಕಲ್ಲು ಎಂದು ಹೇಳುವುದಿಲ್ಲ. ಇಲ್ಲಿ ಮತ್ತೆ ನೆರೆಹೊರೆಯನ್ನೇ ನೋಡಬೇಕು. ಈಶಾನ್ಯಕ್ಕೆ ಹತ್ತಿರದ ಜುರಾಸಿಕ್ ಶಿಲೆ ಒಳನಾಡಿನ ಹೊಳೆ, ಸರೋವರಗಳದ್ದು. ಪೂರ್ವಕ್ಕೆ ಅಂಟಾರ್ಕ್ಟಿಕ ಇನ್ನೂ ಅಂಟಿಕೊಂಡಿತ್ತು. ಪಶ್ಚಿಮಕ್ಕೆ ಮಡಗಾಸ್ಕರ್ ನಮ್ಮ ಕರಾವಳಿಯ ಮಗ್ಗುಲಲ್ಲೇ ಇತ್ತು. ಅದು ಬೇರೆಯಾದ ಕಾಲದ ಲಾವಾ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳಲ್ಲಿದೆ, ಅದರ ವಯಸ್ಸು ಒಂಬತ್ತು ಕೋಟಿ ವರ್ಷಗಳ ಆಸುಪಾಸು, ಜುರಾಸಿಕ್ ಮುಗಿದು ಐದು ಕೋಟಿ ವರ್ಷಗಳ ಮೇಲಿನ ಮಾತು. ಎಲ್ಲ ಕಡೆಯೂ ನೆಲವೇ ಸುತ್ತುವರಿದಿದ್ದ ಸೀಮೆಗೆ ಕಡಲು ಬಂದಿತ್ತೆಂದು ಸಾಧಿಸುವ ಹೊರೆ ಹಾಗೆನ್ನುವವರ ಮೇಲಿದೆ. ಕುಂದಾಣ ಆಗ ಈ ಭೂಭಾಗಗಳೆಲ್ಲ ಒಂದಾಗಿದ್ದ ಗೊಂಡ್ವಾನ ಎಂಬ ಮಹಾಖಂಡದ ಒಳನಾಡಿನ ಸವೆಯುವ ನೆಲ ಎಂಬುದು ಇದ್ದುದರಲ್ಲಿ ಗಟ್ಟಿಯಾದ ಮಾತು. ಗಟ್ಟಿ ಎಂದರೆ ಕೋಟಾದ ಸರೋವರದಷ್ಟು ಗಟ್ಟಿಯಲ್ಲ. ಅಲ್ಲಿ ಕಲ್ಲೇ ಸಾಕ್ಷಿ, ಇಲ್ಲಿ ಸುತ್ತಲಿನವರ ಸಾಕ್ಷಿ.

ಇಷ್ಟೆಲ್ಲ ತಿಳಿದು ಏನು ಉಪಯೋಗ ಎಂದು ಕೇಳುವವರಿಗೆ ನೀರಿನ ಲೆಕ್ಕವನ್ನು ಹೇಳಬೇಕು. ಕಚ್ಛ್‌ನಲ್ಲಿ ಹಳೆಯ ಹೊಳೆ ಹಾಸಿದ ಭುಜ್ ಮರಳುಗಲ್ಲೇ ಇಂದು ಆ ಒಣನಾಡಿನ ಮುಖ್ಯ ಅಂತರ್ಜಲದ ಆಗರ. ಹಳೆಯ ಹೊಳೆಯ ಪಾತ್ರ ಎಲ್ಲಿತ್ತು, ಪ್ರವಾಹ ಬಯಲಿನ ಜೇಡಿ ಎಲ್ಲಿತ್ತು ಎಂದು ತಿಳಿದರೆ ಎಲ್ಲಿ ಕೊರೆದರೆ ನೀರು, ಎಲ್ಲಿ ಕೊರೆದರೆ ಬರೀ ಜೇಡಿ ಎಂದು ಹೇಳಬಹುದು, ಏಕೆಂದರೆ ಕಣಗಳ ನಡುವಿನ ಸಂದಿಯಲ್ಲೇ ನೀರು ಕೂತಿರುತ್ತದೆ. ಕುಂದಾಣದ ಅಡಿಯಲ್ಲಿ ಅಂಥ ಪದರವೇ ಇಲ್ಲ. ಇಲ್ಲಿ ನೀರು ಇರುವುದು ಮೇಲಿನ ಕೊಳೆತ ಗರಸಿನಲ್ಲಿ, ಅದರ ಕೆಳಗೆ ನೈಸ್‌ನ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ವಿರಳ. ಸಾವಿರ ಅಡಿ ದಾಟಿ ಕೊರೆಸುವವರು, ಇನ್ನೂ ಕೆಳಗೆ ಮರಳಿನ ಪದರವೊಂದು ಸಿಕ್ಕೀತು ಎಂಬ ಆಸೆಯಿಂದ ಕೊರೆಸುತ್ತಿದ್ದರೆ, ಆ ಆಸೆ ಹುಸಿ; ಆ ಪದರ ಕೂರಬೇಕಾಗಿದ್ದ ಕಾಲದಲ್ಲಿ ಈ ನೆಲ ಮರಳನ್ನು ಬೇರೆ ಕಡೆಗೆ ಕಳಿಸುತ್ತಿತ್ತು. ಈ ಸೀಮೆಯ ನೀರು ಉಳಿಯುವುದು ಗರಸಿನ ಮೇಲಿನ ಕೆರೆಗಳಲ್ಲಿ ಹೂಳು ತೆಗೆದಾಗ. ತೆಗೆಯುವಾಗ ಏರಿ ಬುಡದ ಜೇಡಿಯನ್ನು ಎಷ್ಟು ಬಿಡಬೇಕು, ಕಾಲುವೆ ಬಾಯಿಯ ಮರಳನ್ನು ಎಷ್ಟು ಬಿಡಬೇಕು ಎಂಬ ಲೆಕ್ಕವೂ ಸೇರಬೇಕು, ಏಕೆಂದರೆ ಒಂದು ನೀರನ್ನು ತಡೆಯುತ್ತದೆ, ಇನ್ನೊಂದು ಇಂಗಿಸುತ್ತದೆ.